ಮಂಗಳವಾರದ ತರಕಾರಿ ಗಾಡಿ

ಜೂನ್ 9

ತಮ್ಮನಿಗೆ,

ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ, ಅದಕ್ಕೆ ಈ ಕಾಗದ. ಹೇಗಿದ್ದೀಯ ಅಂತ ಕೇಳುವ ಮುಖ ನನಗಿಲ್ಲ. ಹರಿದು ಒಲೆಗೆ ಹಾಕುವ ಮುಂಚೆ ಕೊನೆವರೆಗೆ ಓದು, ಅಷ್ಟು ಸಾಕು.

ನಾನೀಗ ಪೇಟೆಯ ಶಾಲೆಯಲ್ಲಿ ಅಡುಗೆ ಮಾಡುತ್ತೇನೆ. ಐದು ವರ್ಷವಾಯಿತು. ಮುನ್ನೂರ ನಲವತ್ತು ಮಕ್ಕಳು. ಬೇಯಿಸುವುದಕ್ಕೆ ನಾನು, ಜೊತೆಗೆ ಇಬ್ಬರು ಹೆಂಗಸರು. ಸಾಮಾನು ಕಳಿಸುವ ಗುತ್ತಿಗೆದಾರನಿಗೆ ನಾವಿಟ್ಟ ಹೆಸರು ಡಬ್ಬಿ. ಬಟಾಣಿ, ಕ್ಯಾರೆಟ್, ಬೀನ್ಸ್, ಎಲ್ಲ ಅವನಿಂದ ತಗಡಿನ ಡಬ್ಬಿಯಲ್ಲೇ ಬರುತ್ತವೆ. ಎಲ್ಲಕ್ಕೂ ಒಂದೇ ಬಣ್ಣ, ಒಂದೇ ರುಚಿ.

ಬೇಸಿಗೆ ರಜೆಗೆ ಮುಂಚೆ ಒಂದು ಬುಧವಾರ ಬಟಾಣಿ ಡಬ್ಬಿ ತೆರೆದರೆ ಬುಸ್ಸೆಂದು ಗಾಳಿ ಬಂತು. ಅನುಮಾನವಾಗಿ ಅವನಿಗೇ ಫೋನ್ ಮಾಡಿದೆ. "ಚೆನ್ನಾಗಿ ಕುದಿಸಮ್ಮ, ಏನೂ ಆಗಲ್ಲ" ಅಂದ. ಕುದಿಸಿ ಬಡಿಸಿದೆ. ಎರಡೂವರೆ ಹೊತ್ತಿಗೆ ಶಾಲೆಯ ಉದ್ದಕ್ಕೂ ಮಕ್ಕಳು ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದವು. ಇಪ್ಪತ್ತಾರು ಮಕ್ಕಳು. ಎರಡನೇ ಕ್ಲಾಸಿನ ಒಂದು ಹುಡುಗಿ ನನ್ನ ತೊಡೆ ಮೇಲೆ ಸೆಟೆದುಕೊಂಡಳು. ನಾಲಿಗೆ ಕಚ್ಚಿಕೊಳ್ಳಬಾರದು ಅಂತ ಬಾಯೊಳಗೆ ಬೆರಳಿಟ್ಟೆ. ಮೂಳೆಗೆ ತಾಗುವ ಹಾಗೆ ಕಚ್ಚಿದಳು. ಆಸ್ಪತ್ರೆ ಸೇರುವವರೆಗೂ ಬಿಡಲಿಲ್ಲ. ಬದುಕಿದಳು. ನನ್ನ ಬೆರಳು ಇನ್ನೂ ಮಡಿಚಲು ಬರುವುದಿಲ್ಲ.

ನಮ್ಮ ಹೆಡ್ ಮಿಸ್ಟ್ರೆಸ್‌ಗೆ ದೊಡ್ಡ ಮೇಡಂ ಅನ್ನುತ್ತೇವೆ. ಅವರು ಕಮಿಟಿಯವರ ಹತ್ತಿರ ಜಗಳವಾಡಿ ಒಂದು ಕೆಲಸ ಸಾಧಿಸಿದರು. ವಾರಕ್ಕೊಮ್ಮೆ ತರಕಾರಿಯನ್ನು ಬೆಳೆದವರ ಕೈಯಿಂದಲೇ ತರಿಸಬಹುದು. ಆದರೆ ಯಾರೂ ಮುಂದೆ ಬರುತ್ತಿಲ್ಲ. ಡಬ್ಬಿಯ ಜನ ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ಕಣ್ಣು ಕೆಂಪಗೆ ಮಾಡಿ ತೋರಿಸಿದ್ದಾರೆ.

ನೀನು ಹೆದರುವವನಲ್ಲ. ಅದಕ್ಕೆ ಬರೆದೆ. ಉತ್ತರ ಶಾಲೆಯ ವಿಳಾಸಕ್ಕೆ ಹಾಕು, ಮನೆಗೆ ಬೇಡ.

ಶಾಲೆಯ ಅಡುಗೆಯವಳು


ಜೂನ್ 17

ಶಾಲೆಯ ಅಡುಗೆಯವರಿಗೆ,

ಕಾಗದ ಮುಟ್ಟಿತು. ಮೂರು ದಿನ ಅಂಗಳದಲ್ಲಿ ಕಲ್ಲಿನ ಕೆಳಗಿಟ್ಟಿದ್ದೆ. ಆ ಹುಡುಗಿಯ ವಿಷಯ ಇಲ್ಲದಿದ್ದರೆ ಒಲೆಗೇ ಹೋಗುತ್ತಿತ್ತು.

ನನ್ನ ಹತ್ತಿರ ಬೀನ್ಸ್, ಕ್ಯಾರೆಟ್, ಕುಂಬಳಕಾಯಿ ಇದೆ. ಪಕ್ಕದ ಹೊಲದ ಸೊಪ್ಪಜ್ಜಿ ಸೊಪ್ಪು ಕೊಡುತ್ತಾಳಂತೆ. ಎಪ್ಪತ್ತು ದಾಟಿದ ಮುದುಕಿ. ನಾನು ಜೈಲಿನಿಂದ ಬಂದಾಗ ಈ ಊರಲ್ಲಿ ನನಗೆ ನೀರು ಕೊಟ್ಟವಳು ಅವಳೊಬ್ಬಳೇ. "ಮಕ್ಕಳಿಗಾದರೆ ನಾನೇ ಗಾಡಿ ಹತ್ತಿ ಬರ್ತೀನಿ ಕಣೋ, ನಿನ್ನನ್ನ ನಂಬೋಕಾಗಲ್ಲ, ಸೊಪ್ಪನ್ನ ಅದುಮಿ ಕೊಂದುಬಿಡ್ತೀಯ" ಅಂದಳು.

ಮಂಗಳವಾರ ಬೆಳಗ್ಗೆ ಬರುತ್ತೇನೆ. ಹಿಂಬಾಗಿಲಲ್ಲಿ ಇಳಿಸಿ ಹೋಗುತ್ತೇನೆ. ನೀನು ಎದುರಿಗೆ ಬರಬೇಡ.

ಕೇಳಬಾರದು ಅಂದುಕೊಂಡಿದ್ದೆ, ಆದರೂ ಕೇಳುತ್ತೇನೆ. ನಿನ್ನ ಗಂಡ ಹೇಗಿದ್ದಾನೆ? ಉಳಿದ ಒಂದು ಕಣ್ಣಲ್ಲಿ ಏನೇನು ಕಾಣುತ್ತದೆ? ಇಸ್ತ್ರಿ ಪೆಟ್ಟಿಗೆ ಈಗಲೂ ಬಟ್ಟೆಗೇ ಉಪಯೋಗಿಸುತ್ತಾನೋ, ಅಥವಾ ನಿನ್ನ ಬೆನ್ನಿಗೋ? ಆ ದಿನ ಬಾಗಿಲು ತೆಗೆದಾಗ ನಿನ್ನ ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಡಿಯಿತಲ್ಲ, ಅದು ಇವತ್ತಿಗೂ ಹೋಗಿಲ್ಲ. ಅದೇ ಪೆಟ್ಟಿಗೆ ಕಿತ್ತುಕೊಂಡು ಅವನ ಮುಖಕ್ಕೆ ಬೀಸಿದೆ. ಕೋರ್ಟಿನಲ್ಲಿ ನೀನು ನಿಂತು ಹೇಳಿದೆ: ನನ್ನ ಗಂಡ ಯಾವತ್ತೂ ಕೈ ಎತ್ತಿದವರಲ್ಲ, ತಮ್ಮನೇ ಕುಡಿದು ಬಂದು ಹೊಡೆದ.

ಎರಡೂವರೆ ವರ್ಷ ಒಳಗಿದ್ದೆ. ಅಮ್ಮ ಸತ್ತಾಗ ಮಣ್ಣು ಹಾಕುವುದಕ್ಕೂ ಬಿಡಲಿಲ್ಲ.

ಕ್ರೇಟುಗಳನ್ನು ತೊಳೆದು ವಾಪಸು ಕೊಡಬೇಕು.

ತರಕಾರಿಯವ


ಜುಲೈ 5

ತಮ್ಮನಿಗೆ,

ಎದುರಿಗೆ ಬರಬೇಡ ಅಂದಿದ್ದೆ, ಬರಲಿಲ್ಲ. ಕಿಟಕಿಯ ಜಾಲರಿಯಿಂದ ನೋಡಿದೆ. ತಲೆ ಅಷ್ಟು ಬೇಗ ನರೆತಿದೆಯಲ್ಲೋ.

ಅಜ್ಜಿ ಮಾತ್ರ ಸೀದಾ ಒಳಗೆ ನುಗ್ಗಿದಳು. ನನ್ನ ಪಾತ್ರೆಗಳ ಮುಚ್ಚಳ ತೆಗೆದು ನೋಡಿ, "ಇಷ್ಟು ದೊಡ್ಡ ಹಂಡೆ, ಇಷ್ಟು ಸಣ್ಣ ಉಪ್ಪಿನ ಡಬ್ಬ" ಅಂತ ಬೈದು ಹೋದಳು. ಎರಡು ವಾರದಲ್ಲಿ ಮಕ್ಕಳೆಲ್ಲ ಅವಳ ಪರಿಚಯದವರು. ಮೊದಲ ದಿನ ಒಬ್ಬ ಹುಡುಗ ಎಲೆ ಸಮೇತ ಕ್ಯಾರೆಟ್ ನೋಡಿ, "ಇದಕ್ಕೆ ಜುಟ್ಟು ಯಾಕಿದೆ?" ಅಂದ. "ಎಳೆಯೋಕೆ" ಅಂತ ಅಜ್ಜಿ ಅವನದೇ ಜುಟ್ಟು ಹಿಡಿದೆಳೆದಳು. ಊಟದ ಮನೆಯೆಲ್ಲ ನಕ್ಕಿತು. ತಟ್ಟೆಯಲ್ಲಿ ಏನೂ ಉಳಿಯಲಿಲ್ಲ. ಐದು ವರ್ಷದಲ್ಲಿ ಉಳಿದದ್ದನ್ನು ನಾನು ಹಂದಿಗೆ ಹಾಕುವ ಬಕೆಟ್ ಖಾಲಿ ಇದ್ದದ್ದು ಅವತ್ತೇ.

ನೀನು ಕೇಳಿದ್ದಕ್ಕೆ ಉತ್ತರ. ನಿನ್ನ ಭಾವ ಈಗ ಡಬ್ಬಿಯ ಗೋಡೌನಿನಲ್ಲಿ ಮೇಸ್ತ್ರಿ. ಮುಚ್ಚಿಟ್ಟರೆ ಮುಂದೆ ಗೊತ್ತಾಗಿ ಇನ್ನೂ ಕೆಡುಕು, ಅದಕ್ಕೆ ಹೇಳಿದ್ದೇನೆ. ತರಕಾರಿ ತರುವವನು ನೀನು ಅಂತ ಅವನಿಗೆ ಯಾರೋ ಹೇಳಿದ್ದಾರೆ. ಆ ಸಂಜೆ ಮನೆಗೆ ಬಂದವನು ಕೈಕಾಲು ತೊಳೆದ. ಊಟಕ್ಕೆ ಕೂತ. ಒಂದೊಂದು ತುತ್ತನ್ನೂ ಎಣಿಸಿದ ಹಾಗೆ ಉಂಡ. ಬೈದಿದ್ದರೆ ನಿದ್ದೆ ಬರುತ್ತಿತ್ತು ನನಗೆ.

ಬೆನ್ನಿನ ವಿಷಯ ಬರೆಯಲಾರೆ.

ಕ್ರೇಟುಗಳನ್ನು ಬಿಸಿನೀರಲ್ಲಿ ತೊಳೆದಿದ್ದೇನೆ.

ಅಕ್ಕ


ಜುಲೈ 29

ಅಕ್ಕನಿಗೆ,

ಹೋದ ಶುಕ್ರವಾರ ಆರು ಜನ ಹೊಲಕ್ಕೆ ಬಂದರು. ಮಟಮಟ ಮಧ್ಯಾಹ್ನ. ಜೀಪನ್ನು ದಾರಿಯಲ್ಲಿ ನಿಲ್ಲಿಸಲಿಲ್ಲ, ಕ್ಯಾರೆಟ್ ಪಾತಿಯ ಮೇಲೇ ಓಡಿಸಿಕೊಂಡು ಬಂದರು, ಹಿಂದಕ್ಕೆ ತಿರುಗಿಸಿ ಮತ್ತೆ ಓಡಿಸಿದರು. ಬೀನ್ಸ್ ಚಪ್ಪರದ ಕಂಬಗಳನ್ನು ಒಂದೊಂದಾಗಿ ಒದ್ದು ಬೀಳಿಸಿದರು. ಅಜ್ಜಿಯ ನಾಯಿ ಬೊಗಳಿತು. ಒಬ್ಬ ಅದರ ಹಿಂಗಾಲು ಹಿಡಿದೆತ್ತಿ ಬಾವಿಕಟ್ಟೆಗೆ ಬಡಿದ. ಒಂದೇ ಏಟು. ಆಮೇಲೆ ಕೈ ಒರೆಸಿಕೊಂಡು, "ಮಂಗಳವಾರ ಗಾಡಿ ಹೊರಟರೆ ನೀನೂ ಹೀಗೇ" ಅಂದ.

ನನ್ನ ಕೈಯಲ್ಲಿ ಗುದ್ದಲಿ ಇತ್ತು. ಅವನ ಕತ್ತು ನನ್ನಿಂದ ಎರಡು ಮಾರು ದೂರ. ಎಲ್ಲಿ ಬೀಸಬೇಕು, ಎಷ್ಟು ಆಳ ಇಳಿಯುತ್ತದೆ ಅಂತ ಲೆಕ್ಕ ಹಾಕಿಬಿಟ್ಟಿದ್ದೆ. ಹಲ್ಲು ಕಚ್ಚಿ ಗುದ್ದಲಿ ಕೆಳಗಿಟ್ಟೆ. ಇನ್ನೊಂದು ಕೇಸಾದರೆ ನಾನು ಹೊರಗೆ ಬರುವುದು ಹೆಣವಾಗಿಯೇ ಅಂತ ಹೋದ ಸಲ ಜಡ್ಜ್ ಹೇಳಿದ್ದರು. ಅಜ್ಜಿ ಮಾತ್ರ ನಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವರ ಹತ್ತಿರ ಹೋಗಿ, ಆ ದೊಡ್ಡವನ ಮುಖಕ್ಕೆ ಉಗಿದಳು. "ಮಂಗಳವಾರ ಬರ್ತೀನಿ. ಅಡ್ಡ ಬಾ ನೋಡೋಣ" ಅಂದಳು.

ಅವರು ಹೋದ ಮೇಲೆ ನಾಯಿಗೆ ಗುಂಡಿ ತೋಡಲು ನಾನು ಗುದ್ದಲಿ ಎತ್ತಿದರೆ ಅಜ್ಜಿ ಕಿತ್ತುಕೊಂಡಳು. ಅವಳೇ ತೋಡಿದಳು.

ಉಳಿದದ್ದನ್ನು ತರುತ್ತೇವೆ. ಕುಂಬಳಕಾಯಿ ಕೆಟ್ಟಿಲ್ಲ, ಸೊಪ್ಪು ಇದೆ. ಆದರೆ ದೊಡ್ಡ ರಸ್ತೆಯಲ್ಲಿ ಬರುವುದಿಲ್ಲ. ಕಾಲುವೆ ಪಕ್ಕದ ದಾರಿ, ಬೆಳಗ್ಗೆ ಆರಕ್ಕೆ ಹೊರಟು ಏಳಕ್ಕೆ ಸೇರುತ್ತೇವೆ. ಹಿಂದಿನ ಗೇಟು ತೆಗೆದಿಡಬೇಕು, ಅದಕ್ಕೆ ನಿನಗೆ ತಿಳಿಸಿದ್ದು. ಬೇರೆ ಯಾರಿಗೂ ಗೊತ್ತಾಗಬಾರದು.

ತಮ್ಮ


ಆಗಸ್ಟ್ 24

ತಮ್ಮಾ,

ನಿನಗೆ ಎಚ್ಚರ ಬಂತು ಅಂತ ದೊಡ್ಡ ಮೇಡಂ ಹೇಳಿದರು. ಆಸ್ಪತ್ರೆಗೆ ಎರಡು ಸಲ ಬಂದೆ. ವಾರ್ಡಿನ ಬಾಗಿಲವರೆಗೆ ಬಂದು ವಾಪಸು ಹೋದೆ. ತಲೆಗೆ ಬಟ್ಟೆ ಸುತ್ತಿದ್ದರು, ಮುಖ ಊದಿ ನೀನೇ ಹೌದೋ ಅಲ್ಲವೋ ಗೊತ್ತಾಗದ ಹಾಗಿತ್ತು. ಮಂಚದ ಚೀಟಿ ಓದಿ ನೀನು ಅಂತ ತಿಳಿದುಕೊಂಡೆ.

ಅಜ್ಜಿಯ ವಿಷಯ ನಿನಗೆ ಹೇಳಿದ್ದಾರಂತೆ.

ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಬರಲಿಲ್ಲ. ಬರೆಯದೆ ಇದ್ದರೆ ಹುಚ್ಚು ಹಿಡಿಯುತ್ತದೆ. ಆ ದಾರಿಯನ್ನು ಅವನಿಗೆ ಹೇಳಿದವಳು ನಾನು.

ಭಾನುವಾರ ಸಂಜೆ. ನಾನು ಬಟ್ಟೆ ಮಡಚುತ್ತಿದ್ದೆ. ಅವನು ಬಂದು ಪಕ್ಕದಲ್ಲಿ ಕೂತ, ತಾನೂ ಒಂದು ಟವೆಲ್ ತೆಗೆದುಕೊಂಡು ಮಡಚಿದ. "ಶಾಲೆಯಲ್ಲಿ ಮಕ್ಕಳು ಈಗ ಚೆನ್ನಾಗಿ ತಿಂತವಂತೆ?" ಅಂದ. ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವನು ಒಂದು ಮಾತು ಕೇಳಿದ್ದು ಅದೇ ಮೊದಲು. ನನ್ನ ಮನಸ್ಸು ಬೆಣ್ಣೆಯಾಯಿತು, ಬಾಯಿ ಬಿಟ್ಟೆ. ಜುಟ್ಟಿನ ಕ್ಯಾರೆಟ್ಟಿನ ಕಥೆ ಹೇಳಿದೆ. ಅವನು ನಕ್ಕ. "ಪಾಪ, ಅಷ್ಟು ದೂರದಿಂದ ಬರ್ತಾರೆ, ಆ ದೊಡ್ಡ ರಸ್ತೆ ಪೂರಾ ಗುಂಡಿ" ಅಂದ. "ಇಲ್ಲ, ಈಗ ಕಾಲುವೆ ದಾರೀಲಿ ಬರ್ತಾರೆ" ಅಂದುಬಿಟ್ಟೆ. ಅಂದ ತಕ್ಷಣ ತಪ್ಪು ತಿಳಿದು, ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟೆ. ಅವನು ಮಾತ್ರ ಟವೆಲ್ ಮಡಚುವುದನ್ನು ನಿಲ್ಲಿಸಲಿಲ್ಲ. ನಾಲ್ಕು ಮೂಲೆ ಸರಿಯಾಗಿ ಸೇರಿಸಿ ಮಡಚಿ, ಮೇಲೆ ಕೈಯಾಡಿಸಿ, ನನ್ನ ಕೈಗೆ ಕೊಟ್ಟ.

ನಿನಗೆ ತಿಳಿಸಬೇಕು ಅಂತ ಸೋಮವಾರ ಪೂರ್ತಿ ಒದ್ದಾಡಿದೆ. ನಿನ್ನ ನಂಬರಿಗೆ ಮೂರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಎತ್ತುವುದಿಲ್ಲ ಅಂತ ನನಗೆ ಗೊತ್ತೇ ಇತ್ತು. ಆಟೋ ಹತ್ತಿ ನಿನ್ನ ಹೊಲಕ್ಕೆ ಬರಬಹುದಿತ್ತು. ಬರಲಿಲ್ಲ. ಸುಮ್ಮನೆ ಕೇಳಿರಬಹುದು, ಈ ಸಲ ಅವನು ಬದಲಾಗಿರಬಹುದು ಅಂತ ಅಂದುಕೊಂಡೆ. ಅಂದುಕೊಳ್ಳಬೇಕಿತ್ತು ನನಗೆ.

ಮಂಗಳವಾರ ಏಳು ಗಂಟೆಯಿಂದ ಗೇಟು ತೆಗೆದು ನಿಂತಿದ್ದೆ. ಎಂಟಾಯಿತು. ಮಂಜು ಸರಿದ ಮೇಲೆ ಕಾಲುವೆ ಕಡೆ ಇನ್ನೂ ಏಳುತ್ತಿದ್ದ ಕಪ್ಪು ಹೊಗೆ ಕಂಡಿತು.

ಅವನು ಒಂಬತ್ತಕ್ಕೆ ಮನೆಗೆ ಬಂದು ಸ್ನಾನ ಮಾಡಿದನಂತೆ, ಪಕ್ಕದ ಮನೆಯವಳು ಹೇಳಿದಳು. ನಾನು ಹೋದಾಗ ಬಕೆಟ್ಟಿನಲ್ಲಿ ಅವನ ಅಂಗಿ ನೆನೆದಿತ್ತು. ನೀರು ಕೆಂಪಗಿತ್ತು, ಪೆಟ್ರೋಲ್ ನಾತ ಹೊಡೆಯುತ್ತಿತ್ತು.

ನಿನ್ನ ಅಕ್ಕ ಅಂತ ಬರೆಯಲು ಕೈ ಬರುತ್ತಿಲ್ಲ.


ಸೆಪ್ಟೆಂಬರ್ 13

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯಲ್ಲಿ ಈಗ ಎರಡೇ ಬೆರಳು. ಒಂದೊಂದು ಅಕ್ಷರಕ್ಕೂ ನಿನ್ನನ್ನು ಬೈದುಕೊಳ್ಳುತ್ತಿದ್ದೇನೆ.

ಏನಾಯಿತು ಅಂತ ನಿನಗೆ ಗೊತ್ತಿರಬೇಕು. ಪೊಲೀಸರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ.

ಆರೂಕಾಲು. ಮಂಜು ಇತ್ತು. ತೂಬಿನ ಹತ್ತಿರ ದಾರಿಗೆ ಅಡ್ಡ ಒಂದು ಲಾರಿ. ನಾನು ಗಾಡಿ ಹಿಂದಕ್ಕೆ ತೆಗೆಯುವಷ್ಟರಲ್ಲಿ ಹಿಂದಿನಿಂದ ಜೀಪ್ ಬಂದು ಗುದ್ದಿತು. ಐದು ಜನ, ಕಬ್ಬಿಣದ ರಾಡು. ನನ್ನನ್ನು ಕಿಟಕಿಯಿಂದಲೇ ಹೊರಗೆಳೆದರು. ಮೊದಲ ಏಟು ಮೊಣಕಾಲಿಗೆ. ಆಮೇಲೆ ಎಲ್ಲಿ ಅಂತ ಇಲ್ಲ. ಒಬ್ಬ ನನ್ನ ಬಲಗೈಯನ್ನು ಗಾಡಿಯ ಹಲಗೆ ಮೇಲೆ ಚಾಚಿ ಹಿಡಿದ, ಇನ್ನೊಬ್ಬ ಹೊಡೆದ. ಬೆರಳು ಮುರಿಯುವ ಸದ್ದು ಹಸಿ ಬೀನ್ಸ್ ಮುರಿದ ಹಾಗೆ ಕೇಳಿತು. ಆ ಹೊತ್ತಲ್ಲಿ ನನಗೆ ಹೊಳೆದದ್ದು ಅದೇ.

ಅಜ್ಜಿ ಅವರಿಗೆ ಬೇಕಿರಲಿಲ್ಲ. ಅವಳು ಸುಮ್ಮನೆ ಕೂತಿದ್ದರೆ ಇವತ್ತಿಗೂ ಇರುತ್ತಿದ್ದಳು. ಇಳಿದು ಬಂದಳು. ಕೈಗೆ ಸಿಕ್ಕ ಕುಂಬಳಕಾಯಿ ಎತ್ತಿ ಒಬ್ಬನ ಬೆನ್ನಿಗೆ ಹಾಕಿದಳು. "ನಿಮ್ಮ ಮಕ್ಕಳೂ ಅದೇ ಶಾಲೇಲಿ ಉಣ್ತಾವಲ್ರೋ, ಬೇವರ್ಸಿಗಳಾ" ಅಂತ ಕಿರುಚಿದಳು. ಅವನು ತಿರುಗಿ ಒಂದು ಕೈಯಲ್ಲಿ ತಳ್ಳಿದ. ತೂಬಿನ ಕಲ್ಲಿಗೆ ಅವಳ ತಲೆ ಬಡಿಯಿತು. ಬಿದ್ದ ಮೇಲೂ ಬಾಯಿ ಅಲ್ಲಾಡುತ್ತಿತ್ತು, ದನಿ ಬರಲಿಲ್ಲ. ಅವಳ ಸೊಪ್ಪಿನ ಮೂಟೆ ಮೇಲೆಯೇ ಪೆಟ್ರೋಲ್ ಸುರಿದು ಗಾಡಿಗೆ ಬೆಂಕಿ ಹಚ್ಚಿದರು.

ಮುಖಕ್ಕೆಲ್ಲ ಬಟ್ಟೆ ಕಟ್ಟಿಕೊಂಡಿದ್ದರು. ಆದರೆ ತಳ್ಳಿದವನು ಅವಳು ಬಿದ್ದದ್ದನ್ನು ನೋಡುವುದಕ್ಕೆ ಕತ್ತನ್ನು ಪೂರ್ತಿ ಎಡಕ್ಕೆ ಹೊರಳಿಸಿದ. ಎಡಗಣ್ಣು ಇಲ್ಲದವನು ಹಾಗೆ ನೋಡುತ್ತಾನೆ. ಅದನ್ನು ತೆಗೆದವನು ನಾನೇ, ನನಗೆ ಗೊತ್ತಾಗುವುದಿಲ್ಲವೇ?

ಪೊಲೀಸರಿಗೆ ಇದನ್ನೂ ಹೇಳಿದೆ. "ಮುಖ ನೋಡಿದೆಯಾ? ಇಲ್ಲ ತಾನೆ? ಹಳೇ ದ್ವೇಷ ಇಟ್ಕೊಂಡು ಹೇಳ್ತಿದ್ದೀಯ" ಅಂದರು. ಅವರ ಕಡತದಲ್ಲಿ ನಾನು ಕುಡಿದು ಬಂದು ಭಾವನ ಕಣ್ಣು ಕಿತ್ತವನು. ನೀನು ಬರೆಸಿದ ಹೆಸರು ಅದು.

ಮುಂದಿನ ತಿಂಗಳು ನನ್ನನ್ನು ಬಿಡುತ್ತಾರೆ. ಊರುಗೋಲು ಹಿಡಿದು ನಡೆಯಲು ಬಂದ ದಿನ ನಿನ್ನ ಮನೆಗೆ ಬಂದು ಅವನನ್ನು ಮುಗಿಸುತ್ತೇನೆ. ಎಡಗೈ ಸಾಕು ಅದಕ್ಕೆ. ನೀನು ಬೇಕಾದರೆ ಮತ್ತೆ ಕೋರ್ಟಿಗೆ ಹೋಗಿ ನಿನಗೆ ತೋಚಿದ್ದು ಹೇಳು. ಈ ಸಲ ಬೇರೆ ಸೀರೆ ಉಟ್ಟುಕೊಂಡು ಹೋಗು. ಹೋದ ಸಲ ಸಾಕ್ಷಿಗೆ ಬಂದಾಗ ಅಮ್ಮ ಕೊಟ್ಟ ಸೀರೆ ಉಟ್ಟಿದ್ದೆ.


ಸೆಪ್ಟೆಂಬರ್ 30

ತಮ್ಮಾ,

ನೀನು ಬರುವ ಕೆಲಸ ಉಳಿದಿಲ್ಲ. ಅವನು ಲಾಕಪ್ಪಿನಲ್ಲಿದ್ದಾನೆ. ನನ್ನ ಕೈ ಮುರಿದಿದೆ, ಆದ್ದರಿಂದ ಇದನ್ನು ದೊಡ್ಡ ಮೇಡಂ ಬರೆದುಕೊಡುತ್ತಿದ್ದಾರೆ. ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಾರೆ. ಅವರಿಗೂ ಈಗ ಎಲ್ಲ ಗೊತ್ತು.

ನಿನ್ನ ಕಾಗದ ಓದಿದ ದಿನವೇ ಆ ಅಂಗಿಯನ್ನು ತೆಗೆದುಕೊಂಡು ಸ್ಟೇಷನ್ನಿಗೆ ಹೋದೆ. ಅವನು ಒಗೆದು ಒಣಗಿಸಿದ್ದ, ಕಾಲರಿನ ಮಡಿಕೆಯಲ್ಲಿ ಕಲೆ ಉಳಿದಿತ್ತು. ದಾರಿ ಹೇಳಿದ್ದು ನಾನು, ಹೋಗಿದ್ದು ಅವನು ಅಂತ ಬರೆಸಿ ಸಹಿ ಮಾಡಿದೆ. ಮರುದಿನ ಬೆಳಗ್ಗೆ ಅವರು ಅವನನ್ನು ಹುಡುಕಿಕೊಂಡು ಗೋಡೌನಿಗೆ ಹೋದರು. ಅಷ್ಟರಲ್ಲಿ ಅವನಿಗೆ ಸುದ್ದಿ ಮುಟ್ಟಿ, ಅವನು ಶಾಲೆಗೆ ಬಂದಿದ್ದ.

ಬೆಳಗ್ಗೆ ಹತ್ತೂವರೆ. ಮಕ್ಕಳು ಕ್ಲಾಸಿನಲ್ಲಿದ್ದರು. ನಾವು ಮೂವರೂ ದೊಡ್ಡ ಹಂಡೆಯ ಸುತ್ತ ಇದ್ದೆವು, ನೀರು ಕುದಿಯುತ್ತಿತ್ತು. ಹಿಂಬಾಗಿಲಿಂದ ಬಂದ. ಕೈಯಲ್ಲಿ ರಾಡು. ಮಾತಿಲ್ಲ ಕಥೆಯಿಲ್ಲ, ಕಪಾಟಿನ ಗಾಜು ಒಡೆದ, ತಟ್ಟೆಗಳ ಸಾಲನ್ನು ಬೀಳಿಸಿದ. "ಯಾರ ಅನ್ನ ತಿಂದು ಯಾರ ಮೇಲೆ ಬರೆಸಿದ್ದೀಯೇ?" ಅಂದ. ಬೀಸಿದ. ತಲೆಗೆ ಅಂತ ಬೀಸಿದ್ದು, ಕೈ ಅಡ್ಡ ಕೊಟ್ಟೆ. ಮೊಣಕೈ ಕೆಳಗೆ ಎರಡಾಯಿತು. ನೋವು ಆಗ ಗೊತ್ತಾಗಲಿಲ್ಲ.

ಕೇಳು, ಇವತ್ತಿನವರೆಗೆ ಯಾರಿಗೂ ಹೇಳದ ಮಾತು ಇದು. ನೀನು ಅವನ ಎಡಗಣ್ಣು ತೆಗೆದ ಮೇಲೂ ಅವನು ಹೊಡೆಯುವುದನ್ನು ಬಿಡಲಿಲ್ಲ. ಆದರೆ ಆ ಕಡೆಯಿಂದ ಅವನಿಗೆ ಏನೂ ಕಾಣುತ್ತಿರಲಿಲ್ಲ. ಅಡುಗೆಮನೆಯಲ್ಲಿ, ಹಾಸಿಗೆಯಲ್ಲಿ, ಬೀದಿಯಲ್ಲಿ ನಾನು ಯಾವಾಗಲೂ ಅವನ ಎಡಕ್ಕೇ ಇರುತ್ತಿದ್ದೆ. ಅವನು ತಿರುಗುವಷ್ಟರಲ್ಲಿ ನಾನು ಇನ್ನೂ ಎಡಕ್ಕೆ ಸರಿಯುತ್ತಿದ್ದೆ. ಕೋರ್ಟಿನಲ್ಲಿ ನಿನ್ನನ್ನು ಕುಡುಕ ಅಂದು ಬಂದವಳು, ನೀನು ಕೊಟ್ಟ ಆ ಒಂದು ಮಗ್ಗುಲಲ್ಲೇ ಎಂಟು ವರ್ಷ ಜೀವ ಹಿಡಿದುಕೊಂಡಿದ್ದೆ.

ಅವತ್ತೂ ಎಡಕ್ಕೆ ಸರಿದೆ. ಅವನು ಬುಗುರಿಯ ಹಾಗೆ ತಿರುಗಿದ, ನಾನು ಸಿಗಲಿಲ್ಲ. ಹಂಡೆಯಲ್ಲಿ ಉದ್ದ ಹಿಡಿಯ ಸೌಟು ಇತ್ತು. ಇನ್ನೊಂದು ಕೈಯಲ್ಲಿ ಕುದಿಯುವ ನೀರು ತುಂಬಿಕೊಂಡು ಎತ್ತಿದೆ. ಅವನ ಮುಖ ನನ್ನಿಂದ ಒಂದು ಗೇಣು. ಉಳಿದ ಆ ಕಣ್ಣು ನನ್ನನ್ನು ಹುಡುಕುತ್ತಿತ್ತು. ಅದಕ್ಕೇ ಹಾಕಬೇಕು ಅನಿಸಿತು. ದೇವರಾಣೆ, ಅನಿಸಿತು. ಅಜ್ಜಿ ನೆನಪಾದಳು, ನಿನ್ನ ಬೆರಳು ನೆನಪಾಯಿತು. ಆದರೆ ಕೋರ್ಟಿನಲ್ಲಿ ಅವನು ನನ್ನನ್ನು ನೋಡಬೇಕಿತ್ತು. ನಾನು ಬಾಯಿ ಬಿಟ್ಟು ಹೇಳುವಾಗ ಅವನು ನೋಡಬೇಕಿತ್ತು. ನೀರನ್ನು ಅವನ ಪಾದಕ್ಕೆ ಸುರಿದೆ. ಕೂಗಿಕೊಂಡು ಬಗ್ಗಿದ. ಆಗ ಅದೇ ಸೌಟಿನಿಂದ ಅವನ ಕಿವಿಯ ಹಿಂದೆ ಹೊಡೆದೆ. ಒಂದು ಸಲ ಅಲ್ಲ. ಎಷ್ಟು ಸಲ ಅಂತ ಉಳಿದಿಬ್ಬರು ಹೇಳುತ್ತಿಲ್ಲ, ನನಗೆ ನೆನಪಿಲ್ಲ. ಅವರು ನನ್ನನ್ನು ಹಿಡಿದುಕೊಂಡರು. ಆಮೇಲೆ ಮೂವರೂ ಅವನ ಮೇಲೆ ಕೂತೆವು, ಪೊಲೀಸರು ಬರುವವರೆಗೂ. ಮೂವರಲ್ಲಿ ದಪ್ಪನೆಯವಳು, "ಅಕ್ಕಾ, ನಾನು ಎದೆ ಮೇಲೆ ಕೂತಿದ್ದೀನಿ, ಸಾಯಲ್ಲ ತಾನೆ?" ಅಂತ ಕೇಳಿದಳು. ನನಗೆ ನಗು ಬಂತು. ನಕ್ಕೆ. ಆಮೇಲೆ ಅಳು ಬಂತು.

ಯಾಕೆ ಸುಳ್ಳು ಹೇಳಿದೆ ಅಂತ ನೀನು ಒಂದು ಸಲವೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವನು ನನ್ನ ತೊಡೆ ಮೇಲೆ ತಲೆಯಿಟ್ಟು ಅತ್ತ. ನೀನು ಕೈಬಿಟ್ಟರೆ ನನಗ್ಯಾರು ಅಂದ. ಅವನು ಅತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೋರ್ಟಿನ ಕರೆ ಬಂದಾಗಿನಿಂದ ಹನ್ನೆರಡು ದಿನ ಅತ್ತ. ನಾನು ಸಾಕ್ಷಿ ಹೇಳಿ ಬಂದ ಸಂಜೆ ಅಳು ನಿಂತಿತು.

ಅಕ್ಕ


ನವೆಂಬರ್ 11

ಅಕ್ಕನಿಗೆ,

ಮನೆಗೆ ಬಂದು ಹತ್ತು ದಿನವಾಯಿತು. ನಿನ್ನ ಕಾಗದಕ್ಕೆ ಉತ್ತರ ನಾಲ್ಕು ಸಲ ಬರೆದು ಹರಿದೆ. ಒಂದರಲ್ಲಿ ತುಂಬ ಬೈದಿದ್ದೆ, ಇನ್ನೊಂದರಲ್ಲಿ ಸುಳ್ಳು ಬರೆದಿದ್ದೆ.

ಇದು ನಿಜ. ಅವನನ್ನು ಕೊಲ್ಲಬೇಕು ಅಂತ ಆಸ್ಪತ್ರೆಯಲ್ಲಿ ಪ್ರತಿದಿನ ಎಡಗೈಗೆ ಅಭ್ಯಾಸ ಮಾಡಿಸಿದ್ದೆ, ಮರಳಿನ ಚೀಲ ಎತ್ತಿ ಇಳಿಸಿ. ಈಗ ಆ ಬಲವನ್ನೆಲ್ಲ ಎಲ್ಲಿಡಬೇಕು ಅಂತ ಗೊತ್ತಾಗುತ್ತಿಲ್ಲ. ನಿನ್ನೆ ಕೊಟ್ಟಿಗೆಯ ಬಾಗಿಲನ್ನು ಗುದ್ದಿ ಗುದ್ದಿ ಒಡೆದುಹಾಕಿದೆ. ಇವತ್ತು ಅದನ್ನೇ ರಿಪೇರಿ ಮಾಡುತ್ತಿದ್ದೇನೆ.

ಅಜ್ಜಿಯ ಮಗಳು ಬಂದು ಹೊಲ ನೋಡಿಕೊಳ್ಳುತ್ತಿದ್ದಾಳೆ. ನನ್ನ ಮುಖ ನೋಡುವುದಿಲ್ಲ. "ನಿನ್ನ ಜಗಳಕ್ಕೆ ನನ್ನ ಅಮ್ಮ ಹೋದಳು" ಅಂತ ಒಂದು ಸಲ ಹೇಳಿದಳು. ಹೋದ ಸೋಮವಾರ ಬೆಳಗ್ಗೆ ನನ್ನ ಬಾಗಿಲಲ್ಲಿ ಎರಡು ಮೂಟೆ ಸೊಪ್ಪು ಇತ್ತು, ಒದ್ದೆ ಗೋಣಿ ಹೊದಿಸಿ. ಮರುದಿನ ಮಂಗಳವಾರ ಅಂತ ಅವಳಿಗೂ ಗೊತ್ತು. ಗಾಡಿಯಿಲ್ಲದೆ ಬಸ್ಸಿನ ಮೇಲೆ ಹಾಕಿ ತಂದೆ. ನಿನ್ನ ಜಾಗದಲ್ಲಿ ಆ ದಪ್ಪನೆಯ ಹೆಂಗಸು ತೆಗೆದುಕೊಂಡಳು.

ನಿನ್ನ ಮಾತನ್ನು ನಂಬುತ್ತೇನೆ. ಕ್ಷಮಿಸಿದೆ ಅಂತ ಬರೆಯುವುದನ್ನು ಎಡಗೈ ಇನ್ನೂ ಕಲಿತಿಲ್ಲ.

ತಮ್ಮ


ಜನವರಿ 22

ತಮ್ಮಾ,

ಕೈ ಕೂಡಿದೆ, ನಾನೇ ಬರೆಯುತ್ತಿದ್ದೇನೆ.

ನೀನು ಹಿಂದಿನ ಬೆಂಚಿನಲ್ಲಿ ಕೂತಿದ್ದು ನೋಡಿದೆ. ಅವನೂ ನೋಡಿದ, ಕತ್ತು ಹೊರಳಿಸಿ. ನಮ್ಮ ಕಡೆಯ ವಕೀಲರು ಮೊದಲೇ ಎಚ್ಚರಿಸಿದ್ದರು: "ಈಗಿನ ಕೇಸಿಗೆ ಎಷ್ಟು ಬೇಕೋ ಅಷ್ಟು ಹೇಳಿ. ಹಳೇದನ್ನ ಕೆದಕಿದ್ರೆ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನಿಮ್ಮ ಮೇಲೇ ಕೇಸಾಗುತ್ತೆ." ಸರಿ ಅಂತ ತಲೆಯಾಡಿಸಿ ಹೋಗಿದ್ದೆ. ಆದರೆ ಅವನ ಕಡೆಯ ವಕೀಲ ಎದ್ದು, "ಈ ತಮ್ಮ ಎಂಟು ವರ್ಷದ ಹಿಂದೆ ಕುಡಿದು ಇವರ ಕಣ್ಣು ಕಿತ್ತವನು, ಇದನ್ನು ಹೇಳಿದವರು ನೀವೇ, ಹೌದೋ ಅಲ್ಲವೋ?" ಅಂತ ಕೇಳಿದನಲ್ಲ, ಆಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಹೌದು, ಹೇಳಿದವಳು ನಾನೇ, ಅದು ಸುಳ್ಳು ಅಂದೆ. ಇಸ್ತ್ರಿ ಪೆಟ್ಟಿಗೆಯ ವಿಷಯ ಹೇಳಿದೆ. ಜಡ್ಜ್ ನಂಬಲಿಲ್ಲ ಅನಿಸಿತು. ತಿರುಗಿ ನಿಂತು ಬೆನ್ನಿನ ಸೆರಗು ಸರಿಸಿದೆ. ತುಂಬಿದ ಕೋರ್ಟು. ಎಲ್ಲರೂ ನೋಡಿದರು.

ಅವನು ಮಾತ್ರ ತಲೆ ತಗ್ಗಿಸಿದ. ಅವನು ನೋಡಬೇಕು ಅಂದುಕೊಂಡಿದ್ದೆ, ನೋಡಲಿಲ್ಲ.

ಫಾಸ್ಟ್ ಟ್ರ್ಯಾಕ್ ಕೋರ್ಟಾದ್ದರಿಂದ ತೀರ್ಪು ಬೇಗ ಬಂತು. ಅವನಿಗೆ ಹದಿನಾಲ್ಕು ವರ್ಷ. ಡಬ್ಬಿ ಬಂದು ಬಿಡಿಸುತ್ತಾನೆ ಅಂತ ಕೊನೆವರೆಗೂ ಕಾದ. ಬರಲಿಲ್ಲ ಅಂದಾಗ ಲಾರಿ ಯಾರದು, ಕಳಿಸಿದವರು ಯಾರು ಅಂತ ಎಲ್ಲ ಬಾಯಿಬಿಟ್ಟ. ಡಬ್ಬಿಯನ್ನು ಹಿಡಿದರು, ಜಾಮೀನಿನ ಮೇಲೆ ಬಿಟ್ಟೂ ಬಿಟ್ಟರು. ಶಾಲೆಯ ಗುತ್ತಿಗೆ ಮಾತ್ರ ಹೋಯಿತು.

ಹಳೇ ಸುಳ್ಳು ಸಾಕ್ಷಿಗೆ ನನಗೆ ನಾಲ್ಕು ತಿಂಗಳು. ಸೋಮವಾರ ಒಳಗೆ ಹೋಗಬೇಕು. ನಿನಗಾದದ್ದರ ಮುಂದೆ ಏನೇನೂ ಅಲ್ಲ. ದೊಡ್ಡ ಮೇಡಂ ಅತ್ತರು, ನಾನು ಅಳಲಿಲ್ಲ. ಅಡುಗೆಮನೆಯ ಬೀಗದ ಕೈ ಕೊಟ್ಟು ಬಂದಿದ್ದೇನೆ. ಆ ಇಬ್ಬರಿಂದ ಅಷ್ಟು ಮಕ್ಕಳಿಗೆ ಆಗುತ್ತದೋ ಇಲ್ಲವೋ ಅನ್ನುವ ಯೋಚನೆ ಬಿಟ್ಟರೆ ಮನಸ್ಸು ಹಗುರಾಗಿದೆ. ಅಜ್ಜಿಯ ವಿಷಯದಲ್ಲಿ ಹಗುರಾಗುವುದಿಲ್ಲ, ಆಗಬಾರದು ಕೂಡ.

ಅಕ್ಕ


ಫೆಬ್ರವರಿ 16

ಅಕ್ಕಾ,

ಜೈಲಿನಲ್ಲಿ ಕಾಗದ ಒಡೆದು ಓದಿ ಕೊಡುತ್ತಾರೆ. ಓದುವವರು ಓದಿಕೊಳ್ಳಲಿ.

ನೀನು ಒಳಗೆ ಹೋದ ಮೊದಲ ಮಂಗಳವಾರ ಊಟ ಒಂದೂವರೆಗೆ ಆಯಿತಂತೆ. ಎರಡನೇ ಮಂಗಳವಾರ ನಾನು ತರಕಾರಿ ಇಳಿಸುವಾಗ ದಪ್ಪನೆಯವಳು ಹಿಂಬಾಗಿಲಲ್ಲಿ ನಿಂತು, "ಹೋಗೋದಾದ್ರೆ ಹೋಗಿ, ಇಲ್ಲ ಅಂದ್ರೆ ಒಳಗೆ ಬಂದು ಚಾಕು ಹಿಡೀರಿ, ಅಲ್ಲೇ ನಿಂತು ನಮ್ಮ ಗಾಳಿ ತಡೀಬೇಡಿ" ಅಂದಳು. ಹೋದೆ. ಎಡಗೈಯಲ್ಲಿ ಚಾಕು, ಬಲಗೈಯ ಎರಡು ಬೆರಳಲ್ಲಿ ಕ್ಯಾರೆಟ್ ಒತ್ತಿ ಹಿಡಿದು ಹೆಚ್ಚಿದೆ. ಒಂದು ತುಂಡು ಹಲಗೆಯಷ್ಟು ದಪ್ಪ, ಇನ್ನೊಂದು ಕಾಗದದಷ್ಟು ತೆಳು. ದಪ್ಪನೆಯವಳು ಎಲ್ಲವನ್ನೂ ಹಂಡೆಗೆ ಸುರಿದಳು. ಈಗ ವಾರಕ್ಕೆ ಮೂರು ದಿನ ಹೋಗುತ್ತೇನೆ.

ತರಕಾರಿ ಕೊಡುವವರು ಈಗ ಏಳು ಮನೆ. ಡಬ್ಬಿಯ ಜೀಪ್ ಒಂದು ಸಲ ಹೊಲದ ದಾರಿಯಲ್ಲಿ ಬಂತು. ಏಳು ಮನೆಯವರೂ ಬಂದು ದಾರಿಯಲ್ಲಿ ನಿಂತರು. ಕೈಯಲ್ಲಿ ಕುಡುಗೋಲು ಇತ್ತು, ಕೊಯ್ಲಿನ ಕಾಲ. ಜೀಪ್ ತಿರುಗಿಸಿಕೊಂಡು ಹೋದರು. ಅಜ್ಜಿಯ ಮಗಳು ಎಲ್ಲರಿಗಿಂತ ಮುಂದೆ ನಿಂತಿದ್ದಳು. ನನ್ನ ಜೊತೆ ಈಗಲೂ ಮಾತಿಲ್ಲ.

ಊಟದ ಮನೆಯಲ್ಲಿ ನಿನ್ನ ಬೆರಳು ಕಚ್ಚಿದ ಹುಡುಗಿಯನ್ನು ತೋರಿಸಿದರು. ನನ್ನ ಕೈ ನೋಡಿ, "ನಿಮ್ದನ್ನೂ ಯಾರಾದ್ರೂ ಕಚ್ಚಿದ್ರಾ?" ಅಂತ ಕೇಳಿದಳು. ಹೌದು ಅಂದೆ. "ಅವರಿಗೂ ಹುಷಾರಿರಲಿಲ್ವಾ?" ಅಂದಳು. ಇನ್ನೊಂದು ಸೌಟು ಬಡಿಸಿದೆ.

ಒಳಗೆ ಮೊದಲ ತಿಂಗಳು ಕಷ್ಟ. ಬೆಳಗ್ಗೆ ಗಂಟೆ ಹೊಡೆಯುವ ಮುಂಚೆ ಎದ್ದುಬಿಡು, ನೀರು ಸಿಗುತ್ತದೆ. ಯಾರ ಜೊತೆಗೂ ಸಾಲದ ಮಾತಿಗೆ ಹೋಗಬೇಡ. ಕಂಬಳಿಯನ್ನು ಬಿಸಿಲಿಗೆ ಹಾಕು, ತಿಗಣೆ ಇರುತ್ತವೆ.

ಗುರುವಾರ ಭೇಟಿಯ ದಿನ. ನನ್ನ ಹೆಸರು ಬರೆಸಿದ್ದೇನೆ. ನಾನು ಒಳಗಿದ್ದಾಗ ಎರಡೂವರೆ ವರ್ಷ ಪ್ರತಿ ಗುರುವಾರ ನನ್ನ ಹೆಸರು ಕೂಗುತ್ತಾರೇನೋ ಅಂತ ಕಿವಿ ಕೊಟ್ಟು ಕೂತಿರುತ್ತಿದ್ದೆ, ಯಾರೂ ಕೂಗಲಿಲ್ಲ. ನಿನ್ನನ್ನು ಕೂಗುತ್ತಾರೆ. ಜಾಲರಿಯ ಈ ಕಡೆ ಕೂತಿರುತ್ತೇನೆ. ಏನು ಮಾತಾಡುತ್ತೇನೋ ನನಗೇ ಗೊತ್ತಿಲ್ಲ, ಬೈದರೂ ಬೈಯಬಹುದು. ಎದ್ದು ಹೋಗಬೇಡ.

ನಿನ್ನ ತಮ್ಮ